ಕೊಡುವ ಕೈ ಬೇಕಾದಷ್ಟಿವೆ, ಮತ್ತೆ ಹೋಗುವವರು ಬೇಕು

ಏಪ್ರಿಲ್, ಮೇ ತಿಂಗಳು ಬಂತೆಂದರೆ ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಮೆಸೇಜು ಸುತ್ತಾಡುತ್ತದೆ. ‘ತುರ್ತಾಗಿ ರಕ್ತ ಬೇಕು’ ಅಂತ ಒಂದು ಸಾಲು. ಕೆಳಗೆ ಆಸ್ಪತ್ರೆಯ ಹೆಸರು, ಒಂದು ಫೋನ್ ನಂಬರು. ಅದೇ ಆಗಸ್ಟ್ 15ಕ್ಕೋ ಅಕ್ಟೋಬರ್ 2ಕ್ಕೋ ಇಲ್ಲಿಗೆ ಬಂದು ನೋಡಿ. ಕಾಲೇಜು, ಭಜನಾ ಮಂದಿರ, ಮಸೀದಿಯ ಅಂಗಳ, ಚರ್ಚ್ ಹಾಲ್, ಯುವಕ ಮಂಡಲದ ಕಟ್ಟಡ, ಎಲ್ಲ ಕಡೆ ರಕ್ತದಾನ ಶಿಬಿರ. ಹುಡುಗರು, ಹುಡುಗಿಯರು ಸಾಲು ನಿಂತು ಕೊಡುತ್ತಾರೆ. ಆ ಸಾಲನ್ನು ನೋಡಿದಾಗಲೆಲ್ಲ ನನಗೆ ನಮ್ಮೂರಿನ ಬಗ್ಗೆ ಹೆಮ್ಮೆಯಾಗುತ್ತದೆ.

ಆದರೆ ರಕ್ತವನ್ನು ಅಕ್ಕಿಯ ಹಾಗೆ ಮುಡಿ ಕಟ್ಟಿ ಇಡಲು ಬರುವುದಿಲ್ಲ. ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ ಕಾಪಾಡಬಹುದು. ಪ್ಲೇಟ್‌ಲೆಟ್ ಆದರೆ ಬರೀ 5 ದಿನ. ಒಮ್ಮೆ ಕೊಟ್ಟ ಗಂಡಸು ಮತ್ತೆ ಕೊಡಲು 90 ದಿನ ಕಾಯಬೇಕು, ಹೆಂಗಸು 120 ದಿನ. ಈ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಇಟ್ಟು ನೋಡಿ. ಅಕ್ಟೋಬರ್ 2ರಂದು ಕೊಟ್ಟ ರಕ್ತದ ಆಯುಸ್ಸು ನವೆಂಬರ್ ನಡುವಿಗೆ ಮುಗಿಯುತ್ತದೆ. ಅವತ್ತು ಕೊಟ್ಟವರು ಹೊಸ ವರ್ಷದವರೆಗೆ ಮತ್ತೆ ಕೊಡುವಂತಿಲ್ಲ. ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ, ಮಕ್ಕಳೆಲ್ಲ ಊರಿಗೆ ಹೋಗಿರುತ್ತಾರೆ. ಹೆರಿಗೆ, ಅಪಘಾತ, ಆಪರೇಷನ್‌ಗಳಿಗೆ ರಜೆ ಇಲ್ಲ ಅಲ್ವಾ? ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಿಂದಲೂ ರೋಗಿಗಳು ಇಲ್ಲಿಗೇ ಬರುತ್ತಾರೆ. ತಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು. ಮಳೆಗಾಲದಲ್ಲಿ ಡೆಂಗಿ ಜೋರಾದರೆ ಪ್ಲೇಟ್‌ಲೆಟ್‌ಗೆ ಓಡಾಟ ಶುರುವಾಗುತ್ತದೆ. 2019ರ ಮಳೆಗಾಲವನ್ನು ಮಂಗಳೂರಿನವರು ಅಷ್ಟು ಬೇಗ ಮರೆಯುವುದಿಲ್ಲ.

ಅಂದರೆ ಅದೇ ಸಾವಿರ ಜನ, ಅದೇ ಸಾವಿರ ಬಾಟಲಿ. ಒಂದೇ ವಾರ ಕೊಟ್ಟರೆ ಒಂದು ಫಲ, ವರ್ಷವಿಡೀ ಹಂಚಿ ಕೊಟ್ಟರೆ ಬೇರೆಯೇ ಫಲ. ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ. ಒಂದು ಯುವಕ ಮಂಡಲ ತನ್ನ 60 ಸದಸ್ಯರನ್ನು ಹನ್ನೆರಡು ತಿಂಗಳಿಗೆ ಹಂಚಿ, ತಿಂಗಳಿಗೆ ಐದು ಜನರಂತೆ ರಕ್ತನಿಧಿಗೆ ಕಳಿಸಿದರೆ ಸಾಕು. ಹೋಗುವ ಮೊದಲು ಅಲ್ಲಿಗೆ ಒಂದು ಫೋನ್ ಮಾಡಿ ಯಾವ ಗುಂಪಿನದ್ದು ಕಡಿಮೆ ಇದೆ ಅಂತ ಕೇಳಬೇಕು. ಇ-ರಕ್ತಕೋಶ ಜಾಲತಾಣದಲ್ಲೂ ಯಾವ ರಕ್ತನಿಧಿಯಲ್ಲಿ ಎಷ್ಟು ದಾಸ್ತಾನಿದೆ ಅಂತ ನೋಡಬಹುದು. ಆದರೆ ಹೀಗೆ ಮಾಡಿದರೆ ವೇದಿಕೆ ಇರುವುದಿಲ್ಲ, ಉದ್ಘಾಟನೆ ಇರುವುದಿಲ್ಲ, ಫ್ಲೆಕ್ಸ್ ಕಟ್ಟಲು ಒಂದು ದಿನವೂ ಸಿಗುವುದಿಲ್ಲ. ನಮ್ಮ ಸಮಾಜ ಸೇವೆ ಎಲ್ಲಿ ನಿಂತುಹೋಗುತ್ತಿದೆ ಅನ್ನುವುದು ನನಗೆ ಇದರಲ್ಲೇ ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ಕರಾವಳಿಯಲ್ಲಿ ಕೊಡುವ ಮನಸ್ಸಿಗೆ ಕೊರತೆ ಇಲ್ಲ. ಊರಿನ ದೇವಸ್ಥಾನದ ಬ್ರಹ್ಮಕಲಶ ನೋಡಿದವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಹೊರೆಕಾಣಿಕೆಯ ದಿನ ಲಾರಿಗಟ್ಟಲೆ ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ ಬಂದು ಬೀಳುತ್ತವೆ. ರಾತ್ರಿಯಿಡೀ ತರಕಾರಿ ಹೆಚ್ಚಲು ನೂರು ಜನ ಕೂತಿರುತ್ತಾರೆ. ಬಡಿಸುವವರು, ಪಾರ್ಕಿಂಗ್ ನೋಡುವವರು, ಎಲೆ ತೆಗೆಯುವವರು, ಎಲ್ಲರಿಗೂ ಒಂದೊಂದು ಸಮಿತಿ. ಕೊನೆಗೆ ಊರಿನವರನ್ನು ಕೂರಿಸಿ ಜಮಾ ಖರ್ಚು ಓದುತ್ತಾರೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ, ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಬಂದಾಗ ಇದೇ ಶಿಸ್ತು ದೊಡ್ಡ ಮಟ್ಟದಲ್ಲಿ ನಡೆಯುತ್ತದೆ. ಇಷ್ಟು ಜನರನ್ನು ಸಂಬಳ ಇಲ್ಲದೆ, ಜಗಳ ಇಲ್ಲದೆ ಕೆಲಸಕ್ಕೆ ಹಚ್ಚುವ ವಿದ್ಯೆ ನಮಗೆ ಗೊತ್ತು. ಈ ವಿದ್ಯೆ ಹಬ್ಬದ ದಿನಕ್ಕೆ ಮಾತ್ರ ಹೊರಗೆ ಬರುತ್ತದೆ ಅನ್ನುವುದೇ ನನ್ನ ಬೇಸರ. ವರ್ಷದ ಉಳಿದ ದಿನಗಳ ಕೆಲಸಕ್ಕೆ ಸಮಿತಿ ಇಲ್ಲ.

ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಾವು ಏಳೆಂಟು ಗೆಳೆಯರು ಸೇರಿ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಹತ್ತು ಕಂಪ್ಯೂಟರ್ ಕೊಟ್ಟೆವು. ಕಚೇರಿಗಳಲ್ಲಿ ಬದಲಾಯಿಸಿದ್ದನ್ನು ರಿಪೇರಿ ಮಾಡಿಸಿ, ಟೆಂಪೋದಲ್ಲಿ ಹಾಕಿ, ಮಳೆ ಶುರುವಾಗುವ ಮೊದಲೇ ತಲುಪಿಸಿದ್ದೆವು. ಮಕ್ಕಳು ಹೂ ಕೊಟ್ಟರು, ಪ್ರಾರ್ಥನೆ ಹಾಡಿದರು. ಖುಷಿಯಿಂದ ವಾಪಸ್ ಬಂದೆವು. ಮರುವರ್ಷ ಬೇರೆ ಯಾವುದೋ ಕೆಲಸಕ್ಕೆ ಆ ಕಡೆ ಹೋದವನು ಸುಮ್ನೆ ಶಾಲೆಗೆ ಹೊಕ್ಕೆ. ಹತ್ತೂ ಕಂಪ್ಯೂಟರಿನ ಮೇಲೆ ಹಳೆ ಸೀರೆ ಹೊದಿಸಿತ್ತು. ಶಾಲೆಯ ವೈರಿಂಗ್ ಅಷ್ಟು ಭಾರ ತಡೆಯುತ್ತಿರಲಿಲ್ಲ. ಕಲಿಸಲು ಯಾರೂ ಇರಲಿಲ್ಲ. ಮುಖ್ಯ ಶಿಕ್ಷಕಿ ಬೈಯಲಿಲ್ಲ, ಅದೇ ನನಗೆ ಹೆಚ್ಚು ನಾಟಿತು.

‘ಕೊಡುವ ಮೊದಲು ಒಂದು ಮಾತು ಕೇಳಿದ್ರೆ ಒಳ್ಳೇದಿತ್ತು ಸರ್’ ಅಂದರು.

‘ಕೇಳಿದ್ದರೆ ಎಂತ ಹೇಳ್ತಿದ್ರಿ ಟೀಚರ್?’

‘ಇಂಗ್ಲಿಷ್, ಗಣಿತಕ್ಕೆ ಒಬ್ರು ಟೀಚರ್ ಬೇಕಿತ್ತು. ಐದು ತರಗತಿಗೆ ನಾವು ಇಬ್ರೇ ಇರೂದು. ಒಂದು ಕಡೆ ಪಾಠ ಮಾಡಿದ್ರೆ ಇನ್ನೊಂದು ಕಡೆ ಮಕ್ಕಳು ಸುಮ್ನೆ ಕೂತಿರ್ತಾರೆ.’

ಈ ಮಾತು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಎಷ್ಟೋ ಕನ್ನಡ ಶಾಲೆಗಳ ಮಾತು. ಟೀಚರ್ ಇಲ್ಲ ಅಂತ ಅಪ್ಪ ಅಮ್ಮ ಮಕ್ಕಳನ್ನು ಬಿಡಿಸುತ್ತಾರೆ. ಮಕ್ಕಳು ಕಡಿಮೆಯಾದರು ಅಂತ ಟೀಚರ್ ಹುದ್ದೆಯೂ ಹೋಗುತ್ತದೆ. ಕೊನೆಗೆ ಬೀಗ. ಇಂಥ ಶಾಲೆಗಳಲ್ಲಿ ಹಳೆ ವಿದ್ಯಾರ್ಥಿ ಸಂಘ ಅಥವಾ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ತಾನೇ ಹಣ ಹೊಂದಿಸಿ ಒಬ್ಬ ಗೌರವ ಶಿಕ್ಷಕಿಯನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಬಹಳ ಕಾಲದಿಂದ ಇದೆ. ಆದರೆ ಆ ಹಣಕ್ಕೆ ಸಂಘದವರು ಪ್ರತಿ ವರ್ಷ ಪಡುವ ಪಾಡು ನೋಡಬೇಕು. ರಂಗಮಂದಿರಕ್ಕೆ, ಪ್ರವೇಶದ್ವಾರಕ್ಕೆ, ಇಂಟರ್‌ಲಾಕ್‌ಗೆ ದಾನಿಗಳು ಸಿಗುತ್ತಾರೆ. ಅವುಗಳ ಮೇಲೆ ಹೆಸರು ಕೆತ್ತಿಸಬಹುದು. ಟೀಚರ್ ಸಂಬಳದ ಮೇಲೆ ಯಾರ ಹೆಸರನ್ನೂ ಕೆತ್ತಲಿಕ್ಕಾಗುವುದಿಲ್ಲ.

ಲೆಕ್ಕ ದೊಡ್ಡದೇನಲ್ಲ. ಗೌರವ ಶಿಕ್ಷಕಿಗೆ ತಿಂಗಳಿಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. 40 ಮಂದಿ ಹಳೆ ವಿದ್ಯಾರ್ಥಿಗಳು ತಿಂಗಳಿಗೆ 250 ರೂಪಾಯಿ ಕೊಟ್ಟರೆ ಆಯಿತು. ಮುಂಬೈಯಲ್ಲಿ, ದುಬೈಯಲ್ಲಿ, ಬೆಂಗಳೂರಲ್ಲಿ ಇರುವವರಿಗೆ ಇದು ಒಂದು ಹೊತ್ತಿನ ಹೋಟೆಲ್ ಊಟದ ಖರ್ಚು. ಆದರೆ ಒಮ್ಮೆ 5,000 ಕೊಡುವುದು ಸುಲಭ, 250ನ್ನು ಇಪ್ಪತ್ತು ತಿಂಗಳು ತಪ್ಪದೆ ಕೊಡುವುದು ಕಷ್ಟ. ಶಾಲೆಗೆ ಬೇಕಾದ್ದು ಎರಡನೆಯದು. ಮುಂದಿನ ಜೂನ್‌ನಲ್ಲೂ ಟೀಚರ್ ಇರುತ್ತಾರೆ ಅಂತ ಗೊತ್ತಾದರೆ ಮಾತ್ರ ಅಪ್ಪ ಅಮ್ಮ ಮಗುವನ್ನು ಅಲ್ಲಿ ಸೇರಿಸುತ್ತಾರೆ.

ತಿಂಗಳ ಸಣ್ಣ ಹಣದ ಬಲ ಏನು ಅಂತ ಬೇರೆಯವರಿಂದ ಕಲಿಯಬೇಕಾಗಿಲ್ಲ. ಉಡುಪಿಯಲ್ಲಿ 1925ರಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ತಂದಿತು. ದಿನಕ್ಕೆ ಎರಡಾಣೆ. ಕೊಡಲು ಯಾರೂ ಬ್ಯಾಂಕಿಗೆ ಹೋಗಬೇಕಿರಲಿಲ್ಲ, ಏಜೆಂಟ್ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಿದ್ದ. ಆ ಎರಡಾಣೆಗಳಿಂದ ಬೆಳೆದ ಬ್ಯಾಂಕ್ ದೇಶವೆಲ್ಲ ಹಬ್ಬಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರುವವರೆಗೂ ತನ್ನ ಹೆಸರಲ್ಲೇ ನಡೆಯಿತು. ಪಿಗ್ಮಿ ಅನ್ನುವ ಮಾತು ಇವತ್ತಿಗೂ ಪೇಟೆಯಲ್ಲಿ ಬಳಕೆಯಲ್ಲಿದೆ. ಆ ಯೋಜನೆ ಗೆದ್ದದ್ದು ಎರಡಾಣೆಯಿಂದ ಮಾತ್ರ ಅಂತ ನನಗನಿಸುವುದಿಲ್ಲ. ಅದೇ ಮನುಷ್ಯ ದಿನಾ ಬರುತ್ತಿದ್ದ, ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಜನ ನಂಬಿದ್ದು ಅವನು ತಪ್ಪದೆ ಬರುವುದನ್ನು.

ಮೊದಲು ಹೋಗಿ ನೋಡುವುದು, ಆಮೇಲೆ ಕೊಡುವುದು. ಈ ಕ್ರಮವನ್ನು ನನಗೆ ಗೊತ್ತಿರುವ ಹಾಗೆ ತುಂಬ ಚೆನ್ನಾಗಿ ಪಾಲಿಸುತ್ತಿರುವುದು ಉಡುಪಿಯ ಯಕ್ಷಗಾನ ಕಲಾರಂಗ. 1975ರಲ್ಲಿ ಹುಟ್ಟಿದ್ದು, ಹೆಸರೇ ಹೇಳುವ ಹಾಗೆ ಯಕ್ಷಗಾನಕ್ಕಾಗಿ. 2005ರಲ್ಲಿ ವಿದ್ಯಾಪೋಷಕ್ ಅಂತ ಶುರು ಮಾಡಿ, ಚೆನ್ನಾಗಿ ಓದುವ ಬಡ ಮಕ್ಕಳ ಕಾಲೇಜು ಓದಿಗೆ ನೆರವು ಕೊಡತೊಡಗಿದರು. ಅರ್ಜಿ, ಅಂಕಪಟ್ಟಿ ನೋಡಿ ಚೆಕ್ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಕಾರ್ಯಕರ್ತರು ಆ ಹುಡುಗನ, ಹುಡುಗಿಯ ಮನೆಗೇ ಹೋಗುತ್ತಾರೆ. ಮನೆಗೆ ಹೋದರೆ ಅರ್ಜಿಯಲ್ಲಿ ಇಲ್ಲದ್ದು ಕಾಣುತ್ತದೆ. ಕರೆಂಟ್ ಇಲ್ಲ. ಮಾಡಿಗೆ ಟರ್ಪಾಲು. ಶುಲ್ಕ ಕಟ್ಟಿದರೂ ಈ ಮಗು ರಾತ್ರಿ ಎಲ್ಲಿ ಕೂತು ಓದಬೇಕು? ಹಾಗೆ ದೀಪ ಬಂತು, ಆಮೇಲೆ ದಾನಿಗಳನ್ನು ಹುಡುಕಿ ಮನೆ ಕಟ್ಟಿಸಿಕೊಡುವ ಕೆಲಸ ಬಂತು. ವಿದ್ಯಾರ್ಥಿವೇತನದಿಂದ ಮನೆಯವರೆಗಿನ ಈ ದಾರಿಯನ್ನು ಕಚೇರಿಯಲ್ಲಿ ಕೂತು ಯಾರೂ ಯೋಚಿಸಿ ತೆಗೆಯಲಾರರು. ಆ ಅಂಗಳದಲ್ಲಿ ನಿಂತವರಿಗೆ ಮಾತ್ರ ಅದು ಹೊಳೆಯುತ್ತದೆ.

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಬರೋಣ. 1848ರಲ್ಲಿ ಶುರುವಾದ ಆಸ್ಪತ್ರೆ, ಬಡವರ ಪಾಲಿಗೆ ಸುತ್ತಲಿನ ಜಿಲ್ಲೆಗಳಿಗೂ ದೊಡ್ಡ ಆಸರೆ. ರೋಗಿಗೆ ಊಟ ಆಸ್ಪತ್ರೆಯೇ ಕೊಡುತ್ತದೆ. ಜೊತೆಗೆ ಬಂದವರು ರಾತ್ರಿ ಏನು ತಿನ್ನಬೇಕು ಅಂತ ಕೇಳಿಕೊಂಡ ಗೆಳೆಯರ ಬಳಗವೊಂದು ವರ್ಷಗಳಿಂದ ಅಲ್ಲಿ ಊಟ ಹಂಚುತ್ತಿದೆ. ದಿನಾ ಹಂಚುತ್ತದೆ ಅನ್ನುವುದೇ ಅದರ ಹೆಚ್ಚುಗಾರಿಕೆ.

ಇದರ ಮುಂದಿನ ಹೆಜ್ಜೆ ಒಂದಿದೆ, ಅದಕ್ಕೆ ಜನ ಸಾಲುತ್ತಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಆದರೆ ಕಾರ್ಡಿನಲ್ಲಿ ಹೆಸರು ತಪ್ಪಿರುತ್ತದೆ. ಆಧಾರ್‌ಗೆ ಫೋನ್ ನಂಬರು ಜೋಡಿಸಿರುವುದಿಲ್ಲ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು ಅಂತ ಗೊತ್ತಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿರುತ್ತಾರೆ. ಆಮೇಲೆ ಚಿನ್ನ ಅಡವು, ಸಾಲ, ಕೊನೆಗೆ ‘ದಯವಿಟ್ಟು ಸಹಾಯ ಮಾಡಿ’ ಅನ್ನುವ ಪೋಸ್ಟ್. ನಾವೆಲ್ಲ 500, 1,000 ಕಳಿಸುತ್ತೇವೆ. ಒಬ್ಬ ನಿವೃತ್ತ ಗುಮಾಸ್ತ ವಾರಕ್ಕೆ ಎರಡು ಬೆಳಿಗ್ಗೆ ಅಲ್ಲಿ ಕೂತು ಇಂಥ ಕಾಗದ ಪತ್ರ ಸರಿಮಾಡಿ ಕೊಟ್ಟರೆ, ಒಂದೇ ಕುಟುಂಬಕ್ಕೆ ಉಳಿಯುವ ಹಣ ನಮ್ಮ ಎಷ್ಟೋ ಪೋಸ್ಟುಗಳಿಂದ ಕೂಡುವ ಹಣಕ್ಕಿಂತ ಜಾಸ್ತಿ. ನಮ್ಮದು ಬ್ಯಾಂಕುಗಳ ಊರು. ಕಾಗದ ಪತ್ರದಲ್ಲಿ ಪಳಗಿದ ನಿವೃತ್ತರು ಬೀದಿಗೊಬ್ಬರಿದ್ದಾರೆ. ಅವರನ್ನು ಕರೆಯುವವರು ಬೇಕು.

ಹಾಗಂತ ಕಷ್ಟದ ಕ್ಷಣದಲ್ಲಿ ಕೊಡುವ ಹಣ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಉಡುಪಿಯ ರವಿ ಕಟಪಾಡಿ ಕೂಲಿ ಕೆಲಸ ಮಾಡುವವರು. ವರ್ಷವೂ ಕೃಷ್ಣಾಷ್ಟಮಿಗೆ ಗಂಟೆಗಟ್ಟಲೆ ಬಣ್ಣ ಹಚ್ಚಿಸಿಕೊಂಡು, ಭಾರದ ವೇಷ ತೊಟ್ಟು ಡಬ್ಬಿ ಹಿಡಿದು ಊರೂರು ಸುತ್ತಿ, ಕಾಯಿಲೆ ಬಿದ್ದ ಮಕ್ಕಳಿಗಾಗಿ ಲಕ್ಷಗಟ್ಟಲೆ ಕೂಡಿಸಿದ್ದಾರೆ. ಜನ ಅವರ ಡಬ್ಬಿಗೆ ಧೈರ್ಯವಾಗಿ ಹಾಕುತ್ತಾರೆ. ಹಣ ಯಾವ ಮಕ್ಕಳಿಗೆ ಹೋಯಿತು ಅಂತ ಎಲ್ಲರ ಎದುರು ತೋರಿಸುತ್ತಾರೆ, ಮರುವರ್ಷ ಮತ್ತೆ ಬರುತ್ತಾರೆ. ಅದು ಅವರ ಸಂಪಾದನೆ.

ಇನ್ನು ಎಂಡೋಸಲ್ಫಾನ್. ಸುಮಾರು 1980ರಿಂದ ಎರಡು ದಶಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ ಕೀಟನಾಶಕ ಅದು, ಜನರ ಪಾಲಿಗೆ ವಿಷ. ಸುಪ್ರೀಂ ಕೋರ್ಟ್ ನಿಷೇಧಿಸಿದ್ದು 2011ರಲ್ಲಿ. ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ ಕಡೆ ಹೋದರೆ ಹಾಸಿಗೆ ಬಿಟ್ಟು ಏಳಲಾರದ ಮಕ್ಕಳು ಇವತ್ತಿಗೂ ಇದ್ದಾರೆ. ಮಕ್ಕಳು ಅಂತ ನಾವು ಕರೆಯುತ್ತೇವೆ, ಎಷ್ಟೋ ಜನಕ್ಕೆ ವಯಸ್ಸು ಮೂವತ್ತು ದಾಟಿದೆ. ಅವರನ್ನು ಎತ್ತಿ, ತೊಳೆದು, ಉಣ್ಣಿಸುವ ಅಮ್ಮಂದಿರಿಗೆ ಈಗ ಅರುವತ್ತರ ಮೇಲೆ. ಹಣ್ಣು, ಬೆಡ್‌ಶೀಟ್ ಹಿಡಿದು ಫೋಟೊ ತೆಗೆಸಿಕೊಂಡು ಹೋದವರನ್ನು ಅವರು ಬೇಕಾದಷ್ಟು ನೋಡಿದ್ದಾರೆ. ಇಂಥ ಒಬ್ಬ ಅಮ್ಮನನ್ನು ‘ನಿಮಗೆ ಎಂತ ಬೇಕು?’ ಅಂತ ಕೇಳಿದಾಗ ಅವರು ತುಂಬ ಹೊತ್ತು ಯೋಚಿಸಿದರು. ಯಾರೂ ಕೇಳಿರಲಿಲ್ಲವೇನೋ. ‘ಒಂದು ಮದುವೆಗೆ ಹೋಗಿ ಬರ್ಬೇಕು. ಒಂದು ದಿನ ಇವನ ಹತ್ರ ಯಾರಾದ್ರೂ ಕೂತ್ರೆ’ ಅಂದರು. ಇದಕ್ಕೆ ಹಣ ಬೇಡ. ಆದರೆ ಅವನನ್ನು ಹೇಗೆ ಎತ್ತಬೇಕು, ಯಾವ ಶಬ್ದಕ್ಕೆ ಹೆದರುತ್ತಾನೆ, ಯಾವಾಗ ಗಂಜಿ ಕೊಡಬೇಕು ಅಂತ ಗೊತ್ತಿರಬೇಕು. ಅದಕ್ಕೆ ನಾಲ್ಕಾರು ಸಲವಾದರೂ ಹೋಗಿ ಅವನ ಪಕ್ಕ ಕೂತಿರಬೇಕು. ಒಂದು ದಿನದ ಸೇವೆಗೆ ಬಂದವರಿಂದ ಇದು ಆಗದು.

ಹಳಬರಿಗೆ ಈ ಮಾತು ಗೊತ್ತಿತ್ತು. ಕುದ್ಮುಲ್ ರಂಗರಾವ್ ವಕೀಲರಾಗಿದ್ದರು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ರಂಗರಾವ್ ಶಾಲೆಯೊಂದಕ್ಕೇ ನಿಲ್ಲಲಿಲ್ಲ. ನೇಯ್ಗೆ ಕಲಿಸಿದರು, ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಿದರು. 1928ರಲ್ಲಿ ತೀರಿಕೊಳ್ಳುವವರೆಗೆ ಬದುಕನ್ನು ಆ ಒಂದೇ ಕೆಲಸಕ್ಕೆ ಕೊಟ್ಟರು. ತಮ್ಮಲ್ಲಿ ಓದಿದ ಮಕ್ಕಳು ಮುಂದೊಂದು ದಿನ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅನ್ನುವುದು ಅವರ ಆಸೆಯಾಗಿತ್ತು.

ಹರೇಕಳ ಹಾಜಬ್ಬ ಅವರ ಕಥೆ ಎಲ್ಲರಿಗೂ ಗೊತ್ತು. ಮಂಗಳೂರಿನ ಪೇಟೆಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು ತನ್ನೂರು ನ್ಯೂಪಡ್ಪುವಿಗೆ ಶಾಲೆ ತಂದರು, 2020ರಲ್ಲಿ ಪದ್ಮಶ್ರೀ ಪ್ರಕಟವಾಯಿತು. ನಾವು ಅದನ್ನು ಹೇಳುವಾಗ ಕಿತ್ತಳೆ ಮಾರಿದ ಹಣದ ಬಗ್ಗೆಯೇ ಹೇಳುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಸವೆಸಿದ ಚಪ್ಪಲಿ. ನ್ಯೂಪಡ್ಪುವಿನ ಶಾಲೆ ಅವರ ಖಾಸಗಿ ಶಾಲೆಯಲ್ಲ, ಜಿಲ್ಲಾ ಪಂಚಾಯತ್ ಶಾಲೆ. ಓದು ಬಾರದ ಒಬ್ಬ ಮನುಷ್ಯ ಕಚೇರಿಯಿಂದ ಕಚೇರಿಗೆ ವರ್ಷಗಟ್ಟಲೆ ನಡೆದು, ಸರ್ಕಾರ ಮಾಡಬೇಕಾದ ಕೆಲಸವನ್ನು ಸರ್ಕಾರದಿಂದಲೇ ಮಾಡಿಸಿದರು. ಶಾಲೆ ಬಂದ ಮೇಲೆ ಮೇಲಿನ ತರಗತಿ ಕೇಳಿದರು, ಹೈಸ್ಕೂಲು ಕೇಳಿದರು. ದಾನಿಯ ಕಿಸೆ ಬರಿದಾದರೆ ನಿಂತುಹೋಗುವ ಕೆಲಸ ಅದಲ್ಲ.

ಹಣದ ವಿಷಯದಲ್ಲಿ ಕೆಲವು ಸಣ್ಣ ಮಾತು, ಗೊತ್ತಿಲ್ಲದೆ ಒಳ್ಳೆಯ ದಾನಕ್ಕೆ ತೊಡಕಾಗುವುದನ್ನು ನೋಡಿದ್ದೇನೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಬ್ಯಾಂಕ್ ಮೂಲಕವೇ ಕೊಡಿ, ಟ್ರಸ್ಟಿನಿಂದ ರಸೀದಿ ಕೇಳಿ ಪಡೆಯಿರಿ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಈ ವಿನಾಯಿತಿಯೇ ಇಲ್ಲ. ಗಲ್ಫ್‌ನಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡ್ ಮಾತ್ರ ಇರುವವರು ಕೊಟ್ಟರೆ ಆಗುತ್ತದೆ. ಅಂಥ ಹಣ ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಗಡ ಅನುಮತಿ ಇರಲೇಬೇಕು. ಊರಿನ ಸಣ್ಣ ಸಂಘಕ್ಕೆ ಹಣ ಕಳಿಸುವ ಮೊದಲು ಇದನ್ನು ಒಮ್ಮೆ ವಿಚಾರಿಸಿಕೊಳ್ಳಿ. ಸಂಘದ ಆಫೀಸ್ ಖರ್ಚಿಗೂ ಕೊಡಿ. ಪ್ರತಿ ಪೈಸೆ ಬಡವರಿಗೇ ಹೋಗಬೇಕು ಅಂತ ಪಟ್ಟು ಹಿಡಿದರೆ ಮನೆಮನೆಗೆ ಹೋಗುವ ಹುಡುಗನ ಪೆಟ್ರೋಲಿಗೆ ಯಾರು ಕೊಡುತ್ತಾರೆ?

ಆ ಹತ್ತು ಕಂಪ್ಯೂಟರಿನ ಶಾಲೆಗೆ ಈಗ ನಾವು ಪ್ರತಿ ತಿಂಗಳ ಎರಡನೇ ಶನಿವಾರ ಹೋಗುತ್ತೇವೆ. ಗೌರವ ಶಿಕ್ಷಕಿಗೆ ಇದು ಮೂರನೇ ವರ್ಷ. ವೈರಿಂಗ್ ಸರಿಮಾಡಿಸಿ ಎರಡು ಕಂಪ್ಯೂಟರ್ ಉಳಿಸಿಕೊಂಡೆವು, ಎಂಟನ್ನು ವಾಪಸ್ ತಂದೆವು. ಕಳೆದ ಮಳೆಗಾಲದಲ್ಲಿ ಮುಖ್ಯ ಶಿಕ್ಷಕಿ ಹಾಜರಿ ಪುಸ್ತಕ ತೆರೆದು ತೋರಿಸಿದರು. ಜೋರು ಮಳೆಯ ದಿನ ಒಂದೇ ಕಡೆಯ ಆರು ಮಕ್ಕಳು ಗೈರು. ಆ ಮನೆಗಳಿಗೆ ಹೋದೆವು. ನಡುವೆ ಒಂದು ತೋಡು, ಅಂದರೆ ಸಣ್ಣ ಹಳ್ಳ, ಅದಕ್ಕೆ ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕ. ಹಿಡಿದುಕೊಳ್ಳಲು ಒಂದು ಬದಿಗೆ ಹಗ್ಗ. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆ ಮುಗಿಸಿ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಇಂಥದ್ದೇ ಸಂಕದಿಂದ ಜಾರಿ ತೀರಿಕೊಂಡಳು. ಅಂಥ ದಿನ ಮಕ್ಕಳನ್ನು ಮನೆಯಲ್ಲೇ ಇರಿಸಿಕೊಳ್ಳುವ ತಾಯಂದಿರಿಗೆ ನಾವೇನು ಹೇಳುವುದು?

ಸಂಕದ ಅಳತೆ ತೆಗೆದೆವು. ಮಳೆಗಾಲದ್ದೂ ಬೇಸಿಗೆಯದ್ದೂ ಫೋಟೊ ಇಟ್ಟು, ಆರೂ ಮಕ್ಕಳ ಹಾಜರಿ ಪ್ರತಿ ಸೇರಿಸಿ ಪಂಚಾಯತಿಗೆ ಅರ್ಜಿ ಕೊಟ್ಟೆವು. ಉತ್ತರ ಬಂದಿಲ್ಲ. ಎರಡನೇ ಅರ್ಜಿಗೆ ಆ ಕಡೆಯ ಹದಿನಾಲ್ಕು ಮನೆಯವರ ಸಹಿ ಬಿದ್ದಿದೆ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಓದುವವರು ಅದೇ ಕಾಲುಸಂಕ ದಾಟಿ ಬರುವ ಒಬ್ಬ ತಾಯಿ. ನಾವು ಹಿಂದಿನ ಬೆಂಚಿನಲ್ಲಿ ಕೂತಿರುತ್ತೇವೆ.